ಹೊಳೆಗೆ ಮೋರಿಯೆಂದು ಹೆಸರು

ನಮ್ಮ ಮನೆಯ ವಿಳಾಸವನ್ನು ಯಾರಾದರೂ ಕೇಳಿದರೆ ಮುಖ್ಯರಸ್ತೆ, ಅಡ್ಡರಸ್ತೆ, ಮನೆಯ ಸಂಖ್ಯೆ ಎಲ್ಲವನ್ನೂ ಹೇಳಿದ ಮೇಲೆ ನಾನು ಒಂದು ಮಾತನ್ನು ಸೇರಿಸುವುದುಂಟು: "ಮೋರಿ ಪಕ್ಕದ ರಸ್ತೆ." ಅಷ್ಟು ಹೇಳಿದರೆ ಮುಗಿಯಿತು. ಆಟೋದವನು ತಲೆಯಾಡಿಸುತ್ತಾನೆ, ಗ್ಯಾಸ್ ಸಿಲಿಂಡರ್ ತರುವ ಹುಡುಗ ನೇರವಾಗಿ ಬಂದು ಬಾಗಿಲು ತಟ್ಟುತ್ತಾನೆ. ಕುರುಬರಹಳ್ಳಿಯಲ್ಲಿ ಮನೆಮಾಡಿ ಬಹಳ ವರ್ಷಗಳಾದರೂ ಈ ಮಾತಿನಲ್ಲಿ ವಿಚಾರ ಮಾಡತಕ್ಕದ್ದೇನಾದರೂ ಇದ್ದೀತೆಂದು ನನಗೆ ಹೊಳೆದಿರಲಿಲ್ಲ. ಹೆಸರುಗಳ ಲಕ್ಷಣವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಇದು ಅಷ್ಟೊಂದು ಶೋಭೆಯ ಸಂಗತಿಯಲ್ಲ.

ಹೊಳೆಯಿಸಿದವನು ಒಬ್ಬ ವಿದ್ಯಾರ್ಥಿ. ತರಗತಿಯಲ್ಲಿ ಅಂದು ನಾಮಪದಗಳ ಪಾಠ. ನಮ್ಮ ವ್ಯಾಕರಣ ಹೆಸರುಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆಂಬುದು ಶಾಲೆಯ ಮೆಟ್ಟಿಲು ಹತ್ತಿದ ಕನ್ನಡಿಗರಿಗೆಲ್ಲ ನೆನಪಿರಬಹುದು. ರೂಢಿಯಿಂದ ಬಂದದ್ದು ರೂಢನಾಮ: ನದಿ, ಬೆಟ್ಟ, ಊರು. ಒಂದನ್ನೇ ಗುರುತಿಸಿ ಇಟ್ಟದ್ದು ಅಂಕಿತನಾಮ: ಕಾವೇರಿ, ಬೆಂಗಳೂರು. ಗುಣವನ್ನೋ ವೃತ್ತಿಯನ್ನೋ ಊನವನ್ನೋ ಕಂಡು ಅರ್ಥಕ್ಕೆ ತಕ್ಕಂತೆ ಕರೆದದ್ದು ಅನ್ವರ್ಥನಾಮ: ಜಾಣ, ವ್ಯಾಪಾರಿ, ಕುಂಟ. ಹದಿಮೂರನೆಯ ಶತಮಾನದ ಕೇಶಿರಾಜನ ಕಾಲಕ್ಕೇ ಗಟ್ಟಿಯಾಗಿದ್ದ ವಿಂಗಡಣೆ ಇದು. ಪುಸ್ತಕದ ಉದಾಹರಣೆಗಳನ್ನು ಹೇಳಿ ಬೇಸರ ಬಂದು, "ನಮ್ಮ ಊರಿನೊಳಗೇ ಹರಿಯುವ ಒಂದು ನದಿಯ ಅಂಕಿತನಾಮ ಹೇಳಿ" ಎಂದೆ. ತರಗತಿ ಸುಮ್ಮನಾಯಿತು. ಕೊನೆಗೆ ಕೆಂಗೇರಿಯ ಕಡೆಯಿಂದ ಬರುವ ಹುಡುಗನೊಬ್ಬ, "ನದಿ ಇಲ್ಲ ಸಾರ್, ಕೆಂಗೇರಿ ಮೋರಿ ಇದೆ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದರ ನಿಜವಾದ ಹೆಸರು ವೃಷಭಾವತಿ ಎಂದೆ. ಹುಡುಗ ಕುಳಿತುಕೊಳ್ಳಲಿಲ್ಲ. "ಹಾಗಾದ್ರೆ ಮೋರಿ ಅನ್ನೋದು ಅದಕ್ಕೆ ಅಂಕಿತನಾಮವೋ, ಅನ್ವರ್ಥನಾಮವೋ ಸಾರ್?" ಎಂದು ಕೇಳಿದ. ಗಂಟೆ ಹೊಡೆಯಿತು. ಮೇಷ್ಟರುಗಳ ಮಾನವನ್ನು ಗಂಟೆ ಎಷ್ಟು ಸಲ ಕಾಪಾಡಿದೆಯೋ ಲೆಕ್ಕವಿಲ್ಲ!

ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ವೃಷಭಾವತಿಯನ್ನು ಕಾಣದ ಬೆಂಗಳೂರಿಗರಿಲ್ಲ. ಕಂಡೆವೆಂದು ತಿಳಿದವರು ಕಡಿಮೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಅವಳು ಹುಟ್ಟುತ್ತಾಳೆಂಬುದು ಹಳೆಯ ನಂಬಿಕೆ. ಕಾರ್ತಿಕ ಮಾಸದಲ್ಲಿ ಕಡಲೆಕಾಯಿ ಪರಿಷೆಗೆ ಹೋಗಿ ಅದೇ ಬಸವಣ್ಣನಿಗೆ ಕೈಮುಗಿದು ಬರುವ ನಾವು ಆ ಪಾದದ ಕೆಳಗೆ ಏನು ಹುಟ್ಟಿತ್ತೆಂದು ಕೇಳುವುದಿಲ್ಲ. ಮಲ್ಲೇಶ್ವರದವರು ಕಾಡುಮಲ್ಲೇಶ್ವರನ ಗುಡಿಯೆದುರು ನಂದಿಯ ಬಾಯಿಂದ ಲಿಂಗದ ಮೇಲೆ ನೀರು ಬೀಳುವ ತೀರ್ಥವನ್ನು ತೋರಿಸಿ ಇಲ್ಲಿಯೇ ಅವಳ ಹುಟ್ಟು ಎನ್ನುತ್ತಾರೆ. ಪೀಣ್ಯದ ಕಡೆಯ ಎತ್ತರವನ್ನು ಹೇಳುವವರೂ ಇದ್ದಾರೆ. ಜಗಳಕ್ಕೆ ಕಾರಣವಿಲ್ಲ. ಬೆಂಗಳೂರು ಒಂದು ಏಣಿನ ಮೇಲೆ ಕೂತ ಊರು. ಏಣಿನ ಮೂಡಲಿಗೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ, ಪಡುವಲಿಗೆ ಬಿದ್ದದ್ದು ಅರ್ಕಾವತಿಗೆ. ಪಡುವಣ ಇಳಿಜಾರಿನ ಹಲವು ಹಳ್ಳಗಳು ಕೂಡಿ ಆದವಳು ವೃಷಭಾವತಿ. ಕುರುಬರಹಳ್ಳಿಯ ಕಾಲುವೆ ಅವಳ ಒಂದು ಕವಲು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಮಗ್ಗುಲಿನಿಂದ ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ, ಬಿಡದಿಯ ಬಳಿ ಬೈರಮಂಗಲದ ಕೆರೆಯನ್ನು ತುಂಬಿ, ಕನಕಪುರದ ಕಡೆ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯಾಗುತ್ತಾಳೆ.

ಹೆಸರಿನಲ್ಲೂ ಒಂದು ಸೊಗಸಿದೆ. ಪಾಠದ ಚಟವನ್ನು ಓದುಗರು ಕ್ಷಮಿಸಬೇಕು. 'ವೃಷಭವತಿ' ಎಂದರೆ ವೃಷಭವುಳ್ಳವಳು. ಅದು ಬರಿಯ ವರ್ಣನೆ. ಕೊಟ್ಟಿಗೆಯಲ್ಲಿ ಒಂದು ಎತ್ತು ಕಟ್ಟಿದ ಯಾವ ಹೆಂಗಸಿಗೂ ಸಲ್ಲುತ್ತದೆ. ನಡುವಿನ ಅಕ್ಷರ ದೀರ್ಘವಾಗಿ 'ವೃಷಭಾವತಿ' ಎಂದಾದಾಗ ಅದು ಒಬ್ಬಳ ಹೆಸರು. ಅಮರಾವತಿ ಆದದ್ದೂ ಹೀಗೆಯೇ. ಇಂಥ ದೀರ್ಘವನ್ನು ಪಾಣಿನಿ ಹೆಸರುಗಳಿಗೆಂದೇ ವಿಧಿಸಿದ್ದಾನೆ. ಒಂದು ಮಾತ್ರೆಯ ಎಳೆತದಿಂದ ವರ್ಣನೆ ವ್ಯಕ್ತಿಯಾಗುತ್ತದೆ. ನಾವು ಮಾಡಿದ್ದು ಇದಕ್ಕೆ ತಿರುವುಮುರುವು: ವ್ಯಕ್ತಿಯಾಗಿದ್ದವಳನ್ನು ಮತ್ತೆ ವರ್ಣನೆಗೆ ಇಳಿಸಿದೆವು.

ಈ ವಿಷಯವನ್ನು ಅಧ್ಯಾಪಕರ ಕೊಠಡಿಯಲ್ಲಿ ಎತ್ತಿದೆ. ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರು ತತ್ತ್ವಶಾಸ್ತ್ರದವರು, ಮಾತಿನಲ್ಲಿ ನಿಷ್ಠುರರು. "ಕಂಡದ್ದನ್ನು ಕಂಡಂತೆ ಹೇಳುವುದೇ ಸತ್ಯ ತಾನೆ? ಅದರಲ್ಲಿ ಹರಿಯುವುದು ಕೊಚ್ಚೆ. ಮೋರಿ ಎಂದರೆ ಸತ್ಯ. ವೃಷಭಾವತಿ ಎಂದರೆ ಸಭ್ಯವಾದ ಸುಳ್ಳು. ಮೋರಿ ಎನ್ನುವವನಿಗೆ ಕನಿಷ್ಠ ಮೂಗಾದರೂ ಇದೆ. ವೃಷಭಾವತಿ ಎಂದು ರಾಗ ಎಳೆಯುವವನು ಕಣ್ಣನ್ನೂ ಮುಚ್ಚಿದ್ದಾನೆ, ಮೂಗನ್ನೂ ಮುಚ್ಚಿದ್ದಾನೆ" ಎಂದರು.

ಈ ಮಾತನ್ನು ಹಗುರಾಗಿ ತಳ್ಳಿಹಾಕಲಾಗದು. ಸುಂದರವಾದ ಹೆಸರು ಹೊಲಸನ್ನು ಹೊದಿಸುವ ಶಾಲಾಗುವುದು ಲೋಕದಲ್ಲಿ ಬೇಕಾದಷ್ಟಿದೆ. ನಮ್ಮ ಊರಿನ ಆಚೆಯ ಕಣಿವೆಯಲ್ಲಿ, ಮೆಜೆಸ್ಟಿಕ್ಕಿನ ಕಡೆಯಿಂದ ಬೆಳ್ಳಂದೂರಿನ ಕಡೆಗೆ ಹರಿಯುವ ಕಾಲುವೆಯೊಂದಕ್ಕೆ ದಫ್ತರದಲ್ಲಿ 'ಕೆ-100' ಎಂದು ಹೆಸರು, ಸೆರೆಮನೆಯ ಕೈದಿಗೆ ಅಂಕೆ ಕೊಟ್ಟ ಹಾಗೆ. ಕೆಲವು ವರ್ಷಗಳ ಹಿಂದೆ ಅದನ್ನು ಶುದ್ಧಮಾಡುವ ಯೋಜನೆ ಬಂದಾಗ 'ನಾಗರಿಕರ ಜಲಮಾರ್ಗ' ಎಂಬ ಹೊಸ ಹೆಸರೂ ಜೊತೆಗೇ ಬಂತು. ಹೆಸರಿಡುವುದು ತೀರ ಅಗ್ಗದ ಕೆಲಸ. ಅದಕ್ಕೆ ಜೆಸಿಬಿ ಬೇಕಿಲ್ಲ. ಹೀಗಿರುವಾಗ, ಮೋರಿ ಎಂಬ ಒರಟು ಮಾತೇ ಮೇಲೆಂದು ನನ್ನ ಮಿತ್ರರು ಹೇಳಿದರೆ ಅವರನ್ನು ತಪ್ಪೆನ್ನಲು ನನಗೆ ಕೂಡಲೇ ಬಾಯಿ ಬರಲಿಲ್ಲ.

ಆದರೆ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಯೇ ಅಡಗಿದೆ. ಮೋರಿ ಎಂಬುದು ಅನ್ವರ್ಥನಾಮ, ಅದರಲ್ಲಿ ಸಂದೇಹವಿಲ್ಲ. ಈಗ ಅನ್ವರ್ಥಕ್ಕೆ ವ್ಯಾಕರಣದ ಪುಸ್ತಕಗಳು ಕೊಡುವ ಉದಾಹರಣೆಗಳನ್ನು ಮತ್ತೊಮ್ಮೆ ನೋಡಿ: ಕುರುಡ, ಕುಂಟ, ಮೂಗ. ಪುಸ್ತಕದಲ್ಲಿ ಇವು ನಿರಪಾಯ. ಬೀದಿಯಲ್ಲಿ ಕಾಲಿಲ್ಲದವನೊಬ್ಬನನ್ನು "ಏ ಕುಂಟ" ಎಂದು ಕರೆದರೆ ಅರ್ಥಕ್ಕೇನೂ ಚ್ಯುತಿಯಿಲ್ಲ, ಸತ್ಯಕ್ಕೂ ಭಂಗವಿಲ್ಲ. ಆದರೆ ಕರೆದವನನ್ನು ನಾವು ಸತ್ಯಸಂಧನೆಂದು ಹೊಗಳುವುದಿಲ್ಲ. ಇನ್ನು ಆ ಕಾಲನ್ನು ಮುರಿದವನೇ ಹಾಗೆ ಕರೆದನೆಂದು ಇಟ್ಟುಕೊಳ್ಳಿ. ಆಗಲೂ ಮಾತು ಸತ್ಯವೇ! ಮುರಿದ ಕೈಗೂ ಕರೆಯುವ ಬಾಯಿಗೂ ಒಬ್ಬನೇ ಒಡೆಯನೆಂಬ ಸಂಗತಿಯೊಂದನ್ನು ಮಾತ್ರ ಆ ಮಾತು ಹೇಳದೆ ಬಿಡುತ್ತದೆ. ನನ್ನ ಮಿತ್ರರ ಸತ್ಯದಲ್ಲಿ ಬಿಟ್ಟುಹೋದದ್ದು ಅಷ್ಟು. ಮೋರಿ ಎನ್ನುವುದು ಆ ನೀರಿನ ಸ್ವಭಾವವನ್ನು ಹೇಳುವುದಿಲ್ಲ, ನಮ್ಮ ಸ್ವಭಾವವನ್ನು ಹೇಳುತ್ತದೆ; ಹೇಳುವುದು ಮಾತ್ರ ಆ ನೀರಿನ ಹೆಸರಿನಲ್ಲಿ.

ಅಷ್ಟೇ ಆಗಿದ್ದರೆ ಅವಮರ್ಯಾದೆಯೆಂದು ಸುಮ್ಮನಿರಬಹುದಿತ್ತು. ಹೆಸರಿಗೆ ಇನ್ನೊಂದು ಶಕ್ತಿಯಿದೆ, ಅದು ಅಪ್ಪಣೆಯಾಗಿಬಿಡುತ್ತದೆ. ಬಚ್ಚಲಿನ ನೀರು ಹೋಗುವ ದಾರಿಗೆ ಮೋರಿಯೆನ್ನುವುದು ಮರಾಠಿಯಲ್ಲೂ ಉರ್ದುವಿನಲ್ಲೂ ಉಂಟು. ಮೋರಿಗೆ ಕೊಳೆನೀರು ಬಿಟ್ಟರೆ ತಪ್ಪೇನು? ಮೋರಿ ಇರುವುದೇ ಅದಕ್ಕೆ. ಹೊಳೆಗೆ ಎಸೆಯಲು ಕೈ ಹಿಂಜರಿಯುವ ಮನುಷ್ಯನೇ ಮೋರಿಗೆ ಎಸೆಯಲು ಹಿಂಜರಿಯನು. ಮೊದಲು ಕೊಳೆ ಹಾಕಿದೆವೋ ಮೊದಲು ಮೋರಿಯೆಂದೆವೋ, ಈಗ ಯಾರೂ ಬಿಡಿಸಿ ಹೇಳಲಾರರು. ಒಂದು ಇನ್ನೊಂದನ್ನು ಸಾಕಿಕೊಂಡು ಬಂದಿದೆ.

ಪತ್ರಿಕೆಗಳು ಬಳಸುವ ಮಾತು ರಾಜಕಾಲುವೆ. ಕೇಳಲು ಗಂಭೀರ. ಇದರಲ್ಲಿ ರಾಜನಿಲ್ಲ, ರಾಜಬೀದಿಯಲ್ಲಿರುವಂತೆ 'ಮುಖ್ಯವಾದ' ಎಂಬಷ್ಟೇ ಅರ್ಥ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಹೆಚ್ಚಾದ ನೀರನ್ನು ಕೆಳಗಿನ ಕೆರೆಗೆ ಒಪ್ಪಿಸುವ ದಾರಿ ಅದು. ಕೆರೆಗಳು ಬಸ್ ನಿಲ್ದಾಣವೂ ಆಟದ ಮೈದಾನವೂ ಆದ ಮೇಲೆ ಒಪ್ಪಿಸುವವರೂ ಇಲ್ಲ, ಒಪ್ಪಿಸಿಕೊಳ್ಳುವವರೂ ಇಲ್ಲ, ನಡುವೆ ದಾರಿ ಮಾತ್ರ ಉಳಿದಿದೆ. ನನಗೆ ಈ ಹೆಸರಿನ ಮೇಲೆ ಬೇರೆ ಒಂದು ಆಕ್ಷೇಪವಿದೆ. ಕಾಲುವೆ ಎಂದೊಡನೆ ಯಾರೋ ತೋಡಿದ್ದೆಂಬ ಭಾವನೆ ಬರುತ್ತದೆ. ಮನುಷ್ಯ ತೋಡಿದ್ದನ್ನು ಮನುಷ್ಯ ತಿರುಗಿಸಬಹುದು, ಕಿರಿದು ಮಾಡಬಹುದು, ಮೇಲೆ ಚಪ್ಪಡಿ ಹಾಸಬಹುದು. ನೆಲವೇ ಮಾಡಿಕೊಂಡ ದಾರಿಯ ಮೇಲೆ ಇಂಥ ಅಧಿಕಾರ ಯಾರಿಗೂ ಇಲ್ಲ.

ಕಂದಾಯದ ದಫ್ತರದಲ್ಲಿ ಇದಕ್ಕಿಂತ ವಿಚಿತ್ರವಾದ ಹೆಸರಿದೆ. ಹಳ್ಳ, ಕಾಲುವೆ, ದಾರಿ, ಸ್ಮಶಾನ ಮೊದಲಾಗಿ ಸಾರ್ವಜನಿಕರ ಉಪಯೋಗಕ್ಕಿದ್ದು ಕಂದಾಯ ಹಾಕಲಾಗದ ನೆಲಕ್ಕೆ 'ಬಿ ಖರಾಬು' ಎಂದು ಹೆಸರು. ಖರಾಬು ಎಂದರೆ ಕೆಟ್ಟದ್ದು. ಎಲ್ಲರಿಗೂ ಸೇರಿದ್ದು ಕೆಟ್ಟದ್ದು! ಬರೆದ ಗುಮಾಸ್ತನಿಗೆ ತತ್ತ್ವ ಹೇಳುವ ಉದ್ದೇಶವಿದ್ದಿರಲಾರದು. ಆದರೆ ಪಹಣಿಯಲ್ಲಿ ಖರಾಬೆಂದು ಕಂಡ ನೆಲವನ್ನು ಒತ್ತುವರಿ ಮಾಡುವವನ ಮನಸ್ಸಿಗೆ ಆ ಮಾತು ಎಷ್ಟು ಹಿತವಾಗಿ ಕೇಳಿಸಿರಬೇಕು.

ಲಂಡನ್ನಿನಲ್ಲಿ ಫ್ಲೀಟ್ ಎಂಬ ಹೊಳೆಯಿತ್ತು. ಊರು ಬೆಳೆದು, ಕಸಾಯಿಗಳೂ ಚರ್ಮ ಹದಮಾಡುವವರೂ ಅದಕ್ಕೆ ಎಲ್ಲವನ್ನೂ ಸುರಿದು, ಜನರ ಬಾಯಲ್ಲಿ ಅದು 'ಫ್ಲೀಟ್ ಡಿಚ್' ಆಯಿತು. ಹೊಳೆಗೆ ಹಳ್ಳದ ಹೆಸರಲ್ಲ, ಚರಂಡಿಯ ಹೆಸರು. ಹದಿನೆಂಟನೆಯ ಶತಮಾನದಲ್ಲಿ ಅದನ್ನು ಮೇಲಿಂದ ಮುಚ್ಚುತ್ತ ಬಂದರು. ಈಗ ಕಾಣುವುದು ಬೀದಿಯ ಹೆಸರು ಮಾತ್ರ: ಬಹುಕಾಲ ಇಂಗ್ಲಿಷ್ ಪತ್ರಿಕೆಗಳ ತವರಾಗಿದ್ದ ಫ್ಲೀಟ್ ಸ್ಟ್ರೀಟ್. ಪತ್ರಿಕೆಗಳೂ ಅಲ್ಲಿಂದ ಎದ್ದುಹೋದವು. ಕುರುಬರಹಳ್ಳಿಯಲ್ಲೂ ಕುರಿಯಿಲ್ಲ, ಹಟ್ಟಿಯಿಲ್ಲ. ಆದರೆ ಆ ಹೆಸರಿನಿಂದ ಯಾರಿಗೂ ಕೇಡಾಗಿಲ್ಲ. ಹೆಸರು ತಪ್ಪು ಹೇಳಿದ ಮಾತ್ರಕ್ಕೆ ದೋಷವಿಲ್ಲವೆಂದು ಇದರಿಂದ ತಿಳಿಯುತ್ತದೆ. ದೋಷ ಯಾವಾಗ? ತಪ್ಪು ಹೆಸರನ್ನು ನಂಬಿ ಒಬ್ಬನು ಮಲಗಿ ನಿದ್ರಿಸಿದಾಗ.

ಇದನ್ನು ನನಗೆ ಕಲಿಸಿದವರು ನಮ್ಮ ಹಿಂದಿನ ಬೀದಿಯ ಒಬ್ಬ ಅಜ್ಜಿ. ಎಂಬತ್ತು ದಾಟಿದವರು, ಈ ಊರಿಗೇ ಸೊಸೆಯಾಗಿ ಬಂದವರು. ಒಂದು ಸಂಜೆ ಅವರೆದುರು ನಾನು ಮೋರಿ ಎಂದಾಗ, "ಮೋರಿ ಅಂದ್ರೆ ಬಚ್ಚಲದ್ದು ಕಣಪ್ಪಾ ಮೇಷ್ಟ್ರೆ. ಇದು ಹಳ್ಳ" ಎಂದರು. ವೃಷಭಾವತಿ ಎಂಬ ಹೆಸರನ್ನು ಕೇಳಿದ್ದೀರಾ ಎಂದೆ. "ಅದ್ಯಾವ ಊರ ಹುಡುಗಿ?" ಎಂದು ನಕ್ಕರು. ನನ್ನ ದೀರ್ಘಾಕ್ಷರದ ಸೊಗಸೆಲ್ಲ ಅಲ್ಲಿಗೆ ಮುಗಿಯಿತು. ಅವರಿಗೆ ಬೇಕಾದದ್ದು ಅಂಕಿತನಾಮವೂ ಅಲ್ಲ, ಅನ್ವರ್ಥನಾಮವೂ ಅಲ್ಲ, ಬರಿಯ ರೂಢನಾಮ. ಹಳ್ಳ ಎಂದರೆ ಸಾಕು, ಅದು ಏನು ಮಾಡುತ್ತದೆಂಬುದು ಆ ಮಾತಿನಲ್ಲೇ ಇದೆ. "ಆಗ ಬೇಸಿಗೆಯಲ್ಲಿ ಅದು ಒಣಗಿರ್ತಿತ್ತು. ದನ ಹೊಡ್ಕೊಂಡು ದಾಟ್ತಿದ್ವಿ. ಮಳೆಗಾಲ ಬಂದ್ರೆ ಹಳ್ಳ ಬರ್ತದೆ ಅಂತ ಈಚೆಗೇ ನಿಲ್ತಿದ್ವಿ" ಎಂದರು.

ಹಳ್ಳ ಬರುತ್ತದೆ. ಈ ಕ್ರಿಯಾಪದವನ್ನು ಗಮನಿಸಿದಿರಾ? ಕನ್ನಡದಲ್ಲಿ ಹೊಳೆ ಬರುತ್ತದೆ, ಹಳ್ಳ ಬರುತ್ತದೆ. ದೂರದಿಂದ ನಡೆದು ಬರುವ ನೆಂಟನಂತೆ, ಒಮ್ಮೊಮ್ಮೆ ಶತ್ರುವಿನಂತೆ. ಮೋರಿ ಎಂದಿಗೂ ಬರುವುದಿಲ್ಲ. ಮೋರಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ನಗರಪಾಲಿಕೆಗೆ ದೂರು ಹೇಳುತ್ತೇವೆ. ಅವರು ಯಾರನ್ನಾದರೂ ಕಳಿಸಿ ಹೂಳೆತ್ತಿಸುತ್ತಾರೆ. ಹಳ್ಳ ಬಂದರೆ ದೂರು ಕೇಳುವವರಿಲ್ಲ; ಹಾಸಿಗೆ ಸುತ್ತಿಕೊಂಡು ಮೇಲೆ ಹೋಗಬೇಕು. ಎರಡು ಮಾತಿನ ಹಿಂದೆ ಎರಡು ತಿಳಿವಳಿಕೆಗಳಿವೆ. ಮೋರಿಯ ಪಕ್ಕ ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಬಹುದು. ಹಳ್ಳದ ಪಕ್ಕ ಹಾಗೆ ಕಟ್ಟಲು ಹಳಬರು ಹೆದರುತ್ತಿದ್ದರು.

2017ರ ಅಕ್ಟೋಬರ್ 13, ಶುಕ್ರವಾರ. ಸಂಜೆಯಿಂದ ಹಿಡಿದ ಮಳೆ. ಆ ರಾತ್ರಿ ಕುರುಬರಹಳ್ಳಿಗೆ ಹಳ್ಳ ಬಂತು. ದೇವಸ್ಥಾನದ ಅರ್ಚಕರೊಬ್ಬರು, ಒಬ್ಬ ತಾಯಿ, ಆಕೆಯ ಮಗಳು ನೀರಿನಲ್ಲಿ ಕೊಚ್ಚಿಹೋದರು. ಮನೆಯ ಗೋಡೆ ಕುಸಿದು ದಂಪತಿಗಳಿಬ್ಬರು ತೀರಿಕೊಂಡರು. ಅದೇ ವರ್ಷದ ಮೇ ತಿಂಗಳ ಮಳೆಯಲ್ಲಿ, ಕಾಲುವೆಯ ಕೆಲಸಕ್ಕೆ ಇಳಿದಿದ್ದ ಕೂಲಿಯೊಬ್ಬನನ್ನು ನೀರು ಇಲ್ಲಿಂದಲೇ ಎಳೆದುಕೊಂಡು ಹೋಗಿತ್ತು. ಮರುದಿನ ಬೆಳಗ್ಗೆ ನಮ್ಮ ಬೀದಿಯಲ್ಲಿ ಹಾಸಿಗೆಗಳು, ಪಾಠಪುಸ್ತಕಗಳು, ಅಕ್ಕಿಯ ಚೀಲಗಳು ಕೆಸರಾಗಿ ಬಿದ್ದಿದ್ದವು. ಜನ ಆಡಿದ ಮಾತೆಲ್ಲ ಒಂದೇ: "ಮೋರಿ ನೀರು ಮನೆಗೆ ನುಗ್ಗಿತು." ಮೋರಿಯ ನೀರು ಹಾಗೆ ನುಗ್ಗುವುದಿಲ್ಲ. ನುಗ್ಗಿದ್ದು ಸುತ್ತಣ ಬಡಾವಣೆಗಳ ಇಳಿಜಾರಿನಲ್ಲಿ ಬಿದ್ದ ಮಳೆ. ಇಂಗಲು ಮಣ್ಣಿಲ್ಲದೆ, ತಂಗಲು ಕೆರೆಯಿಲ್ಲದೆ, ತನ್ನ ಹಳೆಯ ದಾರಿಯನ್ನು ಹಿಡಿದು ಬಂದದ್ದು. ಸತ್ತವರು ಯಾವ ತಪ್ಪನ್ನೂ ಮಾಡಿದವರಲ್ಲ. ಬಾಡಿಗೆ ಕಡಿಮೆಯೆಂದು ತಗ್ಗಿನಲ್ಲಿ ಮನೆ ಹಿಡಿಯುವವರಿಗೆ ಅದು ಹಳ್ಳವೆಂದು ಯಾರೂ ಹೇಳುವುದಿಲ್ಲ. ಮೋರಿ ವಾಸನೆ ಸ್ವಲ್ಪ ಬರುತ್ತದೆ, ಅಷ್ಟೆ, ಎನ್ನುತ್ತಾರೆ.

ಆ ಮೇಲೆ ತಡೆಗೋಡೆಯ ಮಾತು ಎಲ್ಲ ಬಾಯಲ್ಲೂ ಬಂತು. ರಾಜಕಾಲುವೆಯ ಅಂಚಿನಿಂದ ಎಷ್ಟು ಮೀಟರು ಬಿಡಬೇಕೆಂಬ ವಾದ ಹಸಿರು ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು; 2016ರಲ್ಲಿ ಹೆಚ್ಚಿಸಿದ ಅಳತೆಯನ್ನು 2019ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅದು ಕಾನೂನಿನ ವಿಷಯ. ನನ್ನ ವಿಷಯ ಮಾತು.

ಒಂದು ಲೆಕ್ಕವನ್ನು ಮಾತ್ರ ಹೇಳದೆ ಇರಲಾರೆ. ಕುರುಬರಹಳ್ಳಿಯಲ್ಲಿ ಪೈಪ್‌ಲೈನ್ ರಸ್ತೆ ಎಂದೊಂದು ರಸ್ತೆಯಿದೆ. ಕೊಳವೆಯ ಹೆಸರನ್ನು ಬೀದಿಗಿಟ್ಟು ಹೇಳಿಕೊಳ್ಳುವುದರಲ್ಲಿ ನಮಗೆ ಸಂಕೋಚವಿಲ್ಲ. ಬೆಂಗಳೂರಿಗೆ ಕಾವೇರಿ ಮೊದಲು ಬಂದದ್ದು 1974ರಲ್ಲಿ. ನೂರು ಕಿಲೋಮೀಟರಿನಷ್ಟು ದೂರದಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ, ಮೂರು ಕಡೆ ಯಂತ್ರಗಳಿಂದ ಎತ್ತಿ ತರಬೇಕು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಬಂದು ದಿನಕ್ಕೆ ಇನ್ನೂ 77.5 ಕೋಟಿ ಲೀಟರು ಸೇರಿತು. ನಲ್ಲಿಯಲ್ಲಿ ನೀರು ಬಂದರೆ ನಮ್ಮ ಮನೆಯಾಕೆ "ಕಾವೇರಿ ಬಂತು" ಎನ್ನುತ್ತಾಳೆ. ಇಲ್ಲಿಯೂ 'ಬಂತು'! ಬಿಂದಿಗೆಗೆ ಬಿದ್ದಾಗ ಕಾವೇರಿ. ಸ್ನಾನ, ಪಾತ್ರೆ, ಬಟ್ಟೆ ಮುಗಿಸಿ ಬಚ್ಚಲ ತೂತನ್ನು ದಾಟಿದ ಕ್ಷಣದಲ್ಲಿ ಮೋರಿ. ಮನೆಗೆ ಬಂದ ನೀರಿನ ಐದರಲ್ಲಿ ನಾಲ್ಕು ಪಾಲು ಹೀಗೆ ಹೊರಗೆ ಹೋಗುತ್ತದೆಂದು ಎಂಜಿನಿಯರುಗಳ ಲೆಕ್ಕ. ಮೈಸೂರು ರಸ್ತೆಯ ಬಳಿ ಶುದ್ಧೀಕರಣದ ಘಟಕವಿದೆ. ಅದಕ್ಕೆ ಸಿಕ್ಕಿದ್ದು ಸ್ವಲ್ಪ ತಿಳಿಯಾಗುತ್ತದೆ, ತಪ್ಪಿಸಿಕೊಂಡದ್ದು ನೊರೆಯೆಬ್ಬಿಸುತ್ತ ಹರಿಯುತ್ತದೆ. ಬೈರಮಂಗಲದ ರೈತರು ಅದನ್ನೇ ಗದ್ದೆ ತೋಟಗಳಿಗೆ ಹಾಯಿಸಿದರು. ಅಲ್ಲಿಂದ ಮುಂದೆ ಅದು ಅರ್ಕಾವತಿಯಾಗಿ, ಸಂಗಮದಲ್ಲಿ ಪುನಃ ಕಾವೇರಿಯಾಗುತ್ತದೆ. ಅಂದರೆ ಕಾವೇರಿಯಿಂದ ಕಾವೇರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ ಇದೆ. ಆದರೆ ನಾವು ಎತ್ತುವುದು ಶಿವನಸಮುದ್ರಕ್ಕೆ ಮೇಲುಗಡೆ. ಹಿಂದಿರುಗಿಸುವುದು ಅದಕ್ಕೆ ಬಹಳ ಕೆಳಗೆ. ನಾವು ಕೊಟ್ಟದ್ದನ್ನು ನಾವು ಕುಡಿಯಬೇಕಾಗಿಲ್ಲ. ಸಂಗಮವು ಶಿವನಸಮುದ್ರಕ್ಕಿಂತ ಮೇಲಿದ್ದಿದ್ದರೆ ಈ ನೀರಿಗೆ ಮೋರಿಯೆಂದು ಹೆಸರು ನಿಲ್ಲುತ್ತಿತ್ತೆ?

ಮುಂದಿನ ತರಗತಿಯಲ್ಲಿ ಆ ಹುಡುಗನಿಗೆ ಅನ್ವರ್ಥನಾಮವೆಂದು ಉತ್ತರ ಕೊಟ್ಟೆ. ಅವನು ಬರೆದುಕೊಂಡ. ಪರೀಕ್ಷೆಯಲ್ಲಿ ಬರುತ್ತದೆಯೇ ಎಂದು ಪಕ್ಕದವನು ಕೇಳಿದ.

ವಿಳಾಸ ಹೇಳುವಾಗ ಮೋರಿ ಎನ್ನಬಾರದೆಂದು ಕೆಲವು ದಿನ ನಾನು ವ್ರತ ಹಿಡಿದದ್ದುಂಟು. "ವೃಷಭಾವತಿಯ ಪಕ್ಕ" ಎಂದರೆ ಆಟೋದವನು ಅದು ಕಲ್ಯಾಣಮಂಟಪವೋ ಎಂದು ಕೇಳಿದ. ವ್ರತ ಕೆಟ್ಟಿತು. ಕಳೆದ ಮಳೆಗಾಲದ ಒಂದು ಸಂಜೆ ಪಡುವಣ ದಿಕ್ಕು ಕಪ್ಪಾಗಿ ದಪ್ಪ ಹನಿಗಳು ಬಿದ್ದವು. ಅಜ್ಜಿ ತಮ್ಮ ಬಾಗಿಲಲ್ಲಿ ನಿಂತು, "ಮೇಷ್ಟ್ರೆ, ಗಾಡಿ ಮ್ಯಾಲಕ್ಕೆ ಹಾಕ್ಕೊಳಿ, ಹಳ್ಳ ಬರ್ತದೆ" ಎಂದು ಕೂಗಿದರು. ನಾನು ಸ್ಕೂಟರನ್ನು ತಳ್ಳಿಕೊಂಡು ದಿಣ್ಣೆಯ ಮೇಲಿನ ಅಡ್ಡರಸ್ತೆಗೆ ಹೋಗುತ್ತಿದ್ದೆ. ಕೆಳಗಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಯುವಕ ಎದುರಾಗಿ, ಸ್ಕೂಟರು ಕೆಟ್ಟಿತೇ ಎಂದು ವಿಚಾರಿಸಿದ.

"ಇಲ್ಲಪ್ಪ, ಹಳ್ಳ ಬರಬಹುದು" ಎಂದೆ.

ಅವನು ಸುತ್ತ ನೋಡಿದ. "ಇಲ್ಲಿ ಹಳ್ಳ ಎಲ್ಲಿದೆ ಸಾರ್?"